ಆರು ಮಕ್ಕಳ ಶಾಲೆ: ಪಕ್ಕದ ಶಾಲೆಗೆ ಸೇರಿಸಬೇಕೇ?

ಮಲೆನಾಡಿನಲ್ಲಿ ಹತ್ತು ಮಕ್ಕಳೂ ಇಲ್ಲದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳು ಎಷ್ಟೋ ಇವೆ. ಅವನ್ನು ಹತ್ತಿರದ ದೊಡ್ಡ ಶಾಲೆಗೆ ಸೇರಿಸುವ ಮಾತು ಪ್ರತಿ ಜೂನ್‌ನಲ್ಲಿ ಬರುತ್ತದೆ. ಒಬ್ಬರಿಗೆ ಪರ, ಒಬ್ಬರಿಗೆ ವಿರೋಧ ಬರೆದುಕೊಡಿ ಎಂದು ಕೇಳಿದೆವು.

ಪರ: ಐದು ತಂಡ, ನಾಲ್ಕು ಮಕ್ಕಳು

ನಾನು 21 ವರ್ಷ ಸಣ್ಣ ಶಾಲೆಗಳಲ್ಲೇ ಕೆಲಸ ಮಾಡಿದವನು. ಕೊನೆಯ ಶಾಲೆಗೆ ಹೋದಾಗ ಅಲ್ಲಿ 23 ಮಕ್ಕಳಿದ್ದರು. ನಿವೃತ್ತಿಯ ದಿನ ಆರು. ಬೀಳ್ಕೊಡುಗೆ ಫೋಟೋದಲ್ಲಿ ಆರೂ ಮಕ್ಕಳು, ಅಡುಗೆಯವರು, ಅವರ ಮೊಮ್ಮಗು ಎಲ್ಲರೂ ಹಿಡಿಸಿದರು. ಆದರೂ ಬೆಂಚಿನಲ್ಲಿ ಜಾಗ ಉಳಿಯಿತು. ನನಗೆ ಆ ಶಾಲೆಯ ಮೇಲೆ ಪ್ರೀತಿ ಇಲ್ಲ ಅಂತ ಯಾರೂ ಹೇಳಬಾರದು. ಅದರ ಹೆಂಚು ಇಳಿಸಿ ಹತ್ತಿಸಿದ್ದು ನಾನೇ. ಹಾಗಿದ್ದೂ ಹೇಳುತ್ತೇನೆ, ಇಂಥ ಶಾಲೆಯನ್ನು ಪಕ್ಕದ ದೊಡ್ಡ ಶಾಲೆಗೆ ಸೇರಿಸಬೇಕು. ಮುಂದಿನ ವರ್ಷ ನೋಡೋಣ ಅನ್ನುವುದು ಬೇಡ.

ಆ ಶಾಲೆಯಲ್ಲಿ ಒಬ್ಬಳು ಹುಡುಗಿ ಇದ್ದಳು. ಒಂದನೇ ಕ್ಲಾಸಿನಿಂದ ಐದನೇ ಕ್ಲಾಸಿನವರೆಗೂ ಅವಳ ಕ್ಲಾಸಿಗೆ ಅವಳೊಬ್ಬಳೇ. ಮೊದಲ ಸ್ಥಾನವೂ ಅವಳದೇ, ಕೊನೆಯದೂ ಅವಳದೇ. ಚುರುಕು ಅಂದರೆ ಚುರುಕು. ಹದಿನೆಂಟರ ಮಗ್ಗಿಯನ್ನು ಕೆಳಗಿನಿಂದ ಮೇಲಕ್ಕೂ ಹೇಳುತ್ತಿದ್ದಳು. ಆರನೇ ಕ್ಲಾಸಿಗೆ ಪೇಟೆ ಹತ್ತಿರದ ಹಿರಿಯ ಪ್ರಾಥಮಿಕ ಶಾಲೆಗೆ ಸೇರಿದಳು. ಗಣೇಶನ ಹಬ್ಬ ಕಳೆದ ಮೇಲೆ ಅಲ್ಲಿನ ಟೀಚರ್ ಒಂದು ಸಭೆಯಲ್ಲಿ ಸಿಕ್ಕಿದರು. 'ನಿಮ್ಮ ಹುಡುಗಿಗೆ ಏನೂ ಬರಲ್ವಲ್ಲ ಸರ್' ಅಂದುಬಿಟ್ಟರು. ನನಗೆ ಅವಮಾನವಾಯಿತು. ಒಂದು ದಿನ ರಜೆ ಹಾಕಿ ಅಲ್ಲಿಗೆ ಹೋದೆ. ಕ್ಲಾಸಿನ ಹಿಂದೆ ಕೂತು ನೋಡಿದೆ. ಟೀಚರ್ ಒಂದು ಪ್ರಶ್ನೆ ಕೇಳಿದರು. ಇಪ್ಪತ್ತು ಇಪ್ಪತ್ತೈದು ಕೈ ಮೇಲೆದ್ದವು. ಇವಳ ಕೈ ಏಳಲಿಲ್ಲ. ಇನ್ನೊಂದು ಪ್ರಶ್ನೆ, ಮತ್ತೊಂದು ಪ್ರಶ್ನೆ. ಊಹೂಂ.

ಊಟದ ಹೊತ್ತಿಗೆ ಹೊರಗೆ ಕರೆದೆ. 'ಉತ್ತರ ಗೊತ್ತಿತ್ತೇನೇ?'

'ಗೊತ್ತಿತ್ತು ಸರ್.'

'ಮತ್ಯಾಕೆ ಹೇಳಲಿಲ್ಲ?'

'ನನ್ನನ್ನ ಕೇಳ್ಲೇ ಇಲ್ವಲ್ಲ ಸರ್.'

ಐದು ವರ್ಷ ನಾನು ಅವಳನ್ನೇ ಕೇಳುತ್ತಿದ್ದೆ. ಬೇರೆ ಯಾರಿದ್ದರು ಕೇಳಲಿಕ್ಕೆ? ಕೈ ಎತ್ತಬೇಕು, ನಾನು ಹೇಳ್ತೀನಿ ಅಂತ ಮುಂದೆ ಬೀಳಬೇಕು ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ಅದನ್ನು ನಾನು ಕಲಿಸಿರಲಿಲ್ಲ. ಒಬ್ಬಳಿಗೇ ಕಲಿಸಲು ಆಗುವುದೂ ಇಲ್ಲ. ಅವತ್ತು ಬಸ್ಸಿನಲ್ಲಿ ವಾಪಸ್ ಬರುವಾಗ ನನ್ನ ಮನಸ್ಸು ಗಟ್ಟಿಯಾಯಿತು.

ನಲಿಕಲಿ ಇದೆಯಲ್ಲ ಅನ್ನುತ್ತಾರೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಅದು. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿ ಶಾಲೆಗೆ ಹೋಗಿ ನೋಡಿಕೊಂಡು ಬಂದು ನಮ್ಮ ನೆಲಕ್ಕೆ ಒಗ್ಗಿಸಿದ್ದು. 2009-10ರಲ್ಲಿ ರಾಜ್ಯದ ಎಲ್ಲ ಕನ್ನಡ ಸರ್ಕಾರಿ ಶಾಲೆಗಳಿಗೂ ಬಂತು. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಪ್ರತಿ ಮಗು ತನ್ನ ವೇಗದಲ್ಲಿ ಕಾರ್ಡು ಹಿಡಿದು ಮೈಲಿಗಲ್ಲು ದಾಟುತ್ತದೆ. ಒಳ್ಳೆಯ ಪದ್ಧತಿ, ನಾನೇ ಎಷ್ಟೋ ತರಬೇತಿಯಲ್ಲಿ ಹೊಗಳಿದ್ದೇನೆ. ಆದರೆ ಅದರಲ್ಲಿ ಐದು ತಂಡ ಇವೆ. ಶಿಕ್ಷಕರ ಪೂರ್ತಿ ಸಹಾಯ ಬೇಕಾದ ತಂಡ, ಸ್ವಲ್ಪ ಬೇಕಾದ ತಂಡ, ಗೆಳೆಯರಿಂದ ಕಲಿಯುವ ಎರಡು ತಂಡ, ತಾನೇ ಕಲಿಯುವ ತಂಡ. ನನ್ನ ಬಳಿ ಮೂರು ಕ್ಲಾಸು ಸೇರಿ ಇದ್ದವರು ನಾಲ್ಕು ಮಕ್ಕಳು. ಮಕ್ಕಳಿಗಿಂತ ತಂಡಗಳೇ ಜಾಸ್ತಿ! ಗೆಳೆಯರಿಂದ ಕಲಿಯಬೇಕಾದ ಹುಡುಗ ಗೆಳೆಯನಿಗೆ ಕಾಯುತ್ತ ಕೂರುತ್ತಿದ್ದ. ಆ ಗೆಳೆಯನಿಗೆ ಜ್ವರ.

ಇನ್ನು ಶಿಕ್ಷಕರ ವಿಷಯ. ಶಿಕ್ಷಣ ಹಕ್ಕು ಕಾಯ್ದೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಅನ್ನುತ್ತದೆ. ಕಾಗದದಲ್ಲಿ ಇಬ್ಬರು. ಒಬ್ಬರು ನಿಯೋಜನೆ ಮೇಲೆ ಬೇರೆ ಶಾಲೆಯಲ್ಲಿ. ಉಳಿದವನು ನಾನು. ಸಭೆ, ತರಬೇತಿ, ಮತದಾರರ ಪಟ್ಟಿ, ಇಲಾಖೆಯ ಆನ್‌ಲೈನ್ ದಾಖಲೆ ಸ್ಯಾಟ್ಸ್‌ನಲ್ಲಿ ಹಾಜರಾತಿ, ಹಾಲಿನ ಪುಡಿ ಲೆಕ್ಕ, ಮೊಟ್ಟೆ ಲೆಕ್ಕ, ಬಾಳೆಹಣ್ಣು ತಿನ್ನುವ ಮಕ್ಕಳ ಬೇರೆ ಲೆಕ್ಕ. ಆರು ಮಕ್ಕಳಿಗೂ ಅಷ್ಟೇ ರಿಜಿಸ್ಟರು, ಆರುನೂರು ಮಕ್ಕಳಿಗೂ ಅಷ್ಟೇ ರಿಜಿಸ್ಟರು. ನಾನು ಸಭೆಗೆ ಹೋದ ದಿನ ಶಾಲೆ ನಡೆಸಿದವರು ಅಡುಗೆ ಅಕ್ಕ. ಸುಳ್ಳು ಹೇಳುವುದಿಲ್ಲ, ಅವರು ಕೆಲವು ದಿನ ನನಗಿಂತ ಚೆನ್ನಾಗಿಯೇ ನಡೆಸಿದ್ದಾರೆ. ಆದರೆ ಸರ್ಕಾರ ಅವರನ್ನು ನೇಮಿಸಿದ್ದು ಅನ್ನ ಸಾರು ಮಾಡಲಿಕ್ಕೆ.

ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅದರ ಕಥೆ ಇನ್ನೂ ಚೆನ್ನಾಗಿದೆ. 2001ರಲ್ಲಿ ಅದು ಬಂದಾಗ ಊರವರ ಕೈಗೇ ಶಾಲೆ ಬಂತು ಅಂತ ನಾವೆಲ್ಲ ಖುಷಿಪಟ್ಟಿದ್ದೆವು. ಪಾಲಕರಲ್ಲೇ ಸದಸ್ಯರನ್ನು ಆರಿಸಬೇಕು. ಆರು ಮಕ್ಕಳು, ನಾಲ್ಕು ಮನೆ. ಅಪ್ಪ ಅಧ್ಯಕ್ಷ, ಅಮ್ಮ ಸದಸ್ಯೆ, ಪಕ್ಕದ ಮನೆಯ ಚಿಕ್ಕಮ್ಮ ಸದಸ್ಯೆ. ಸಭೆ ಅವರ ಮನೆ ಜಗುಲಿಯಲ್ಲಿ. ಮೇಷ್ಟ್ರು ತಡವಾಗಿ ಬರ್ತಾರೆ ಅಂತ ಹೇಳಬೇಕಾದವರು ನನಗೆ ಕಾಫಿ ಕೊಟ್ಟು ಕಳಿಸುತ್ತಿದ್ದರು. ಪ್ರಶ್ನೆ ಕೇಳುವ ಜನವೇ ಇಲ್ಲದ ಕಡೆ ಉಸ್ತುವಾರಿ ಎಲ್ಲಿಂದ ಬರಬೇಕು?

ಆಟವನ್ನಂತೂ ಬಿಡಿ. ಖೋಖೋ ಆಡಲು ಒಂದು ಕಡೆಗೆ ಒಂಬತ್ತು ಜನ ಬೇಕು. ಶಾಲೆ ಪೂರ್ತಿ ಇಳಿದರೂ ನಾವು ಆರು. ಪ್ರತಿಭಾ ಕಾರಂಜಿಗೆ ಕೋಲಾಟ ಹಾಕಿಸೋಣ ಅಂದರೆ ಕೋಲು ಹೊಡೆಯಲು ಎದುರಿಗೆ ಜನ ಬೇಡವೇ?

ದೂರ, ಮಳೆ, ಹಳ್ಳ ಅನ್ನುವವರಿಗೆ ಒಂದೇ ಮಾತು. ಖಾಸಗಿ ಶಾಲೆಯ ವ್ಯಾನು ಅದೇ ರಸ್ತೆಯಲ್ಲಿ ಬರುತ್ತದಲ್ಲ? ಅದಕ್ಕೆ ಮಳೆ ಇಲ್ಲವಾ? ಸಮಗ್ರ ಶಿಕ್ಷಣ ಯೋಜನೆಯಲ್ಲಿ ದೂರದ ಮಗುವಿನ ಓಡಾಟಕ್ಕೆ ವರ್ಷಕ್ಕೆ 6,000 ರೂಪಾಯಿವರೆಗೆ ಕೊಡಲು ಅವಕಾಶ ಇದೆ. ವ್ಯಾನು ಬಿಟ್ಟರೆ ಮುಗಿಯಿತು. ಇದನ್ನೇ ದೊಡ್ಡದು ಮಾಡಿ ಹೆದರಿಸುವವರನ್ನು ನಾನು ಬಲ್ಲೆ. ಅವರು ಬೆಂಗಳೂರಿನಲ್ಲಿ ಇರುತ್ತಾರೆ. ಎರಡು ವರ್ಷಕ್ಕೊಮ್ಮೆ ಹಳೆ ವಿದ್ಯಾರ್ಥಿಗಳೆಲ್ಲ ಸೇರಿ ಗೋಡೆಗೆ ಬಣ್ಣ ಬಳಿಯುತ್ತಾರೆ, ರೈಲಿನ ಡಬ್ಬಿ ಚಿತ್ರ ಬಿಡಿಸುತ್ತಾರೆ, 'ನಮ್ಮೂರ ಶಾಲೆ ಉಳಿಸಿ' ಅಂತ ಬ್ಯಾನರ್ ಕಟ್ಟಿ ಫೋಟೋ ತೆಗೆಸಿಕೊಂಡು ಸಂಜೆ ಬಸ್ಸಿಗೆ ಹೋಗುತ್ತಾರೆ. ಒಬ್ಬರಾದರೂ ತಮ್ಮ ಮಗುವನ್ನು ಸೇರಿಸಿ ಹೋಗಿದ್ದನ್ನು ನಾನು ಕಾಣೆ.

2018ರ ಸುಮಾರಿಗೆ ಕರ್ನಾಟಕ ಪಬ್ಲಿಕ್ ಶಾಲೆಗಳು ಬಂದವು. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣ. ಅಂಥ ಕಡೆ ನಮ್ಮ ಆರು ಮಕ್ಕಳು ಹೋಗಿ ಕೂತರೆ ಕ್ಲಾಸಿಗೊಬ್ಬ ಮೇಷ್ಟ್ರು ಸಿಗುತ್ತಾರೆ, ಲೈಬ್ರರಿ ಸಿಗುತ್ತದೆ. ಜಗಳವಾಡಲು ಪಕ್ಕದಲ್ಲಿ ಒಬ್ಬ ಹುಡುಗ ಸಿಗುತ್ತಾನೆ. ಕಿಮ್ಮನೆ ರತ್ನಾಕರ್ 2013ರಲ್ಲಿ ಶಿಕ್ಷಣ ಮಂತ್ರಿಯಾದರು, ತೀರ್ಥಹಳ್ಳಿಯವರು. 2023ರಲ್ಲಿ ಮಧು ಬಂಗಾರಪ್ಪ, ಸೊರಬದಿಂದ ಗೆದ್ದವರು. ನಮ್ಮ ಕಡೆ ಮನೆಗಳು ಹೇಗೆ ಚದುರಿವೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಧೈರ್ಯ ಮಾಡಬೇಕು ಅಷ್ಟೇ.

ಆ ಹುಡುಗಿ ಈಗ ಡಿಗ್ರಿ ಓದುತ್ತಿದ್ದಾಳೆ. ಮೊನ್ನೆ ಫೋನ್ ಮಾಡಿದಾಗ ಕೇಳಿದೆ, ಈಗ ಕೈ ಎತ್ತುತ್ತೀಯಾ ಅಂತ. ನಕ್ಕಳು, ಉತ್ತರ ಹೇಳಲಿಲ್ಲ.

(ನಿವೃತ್ತ ಮುಖ್ಯ ಶಿಕ್ಷಕರು, ಹೊಸನಗರ ತಾಲೂಕು)

ವಿರೋಧ: ಯಾವ ವ್ಯಾನು?

ಮೊದಲೇ ಹೇಳಿಬಿಡುತ್ತೇನೆ. ನನ್ನ ಮಗ ಓದುವುದು ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ. ಇದನ್ನು ಬರೆಯಿರಿ ಅಂದವರಿಗೂ ಹೇಳಿದೆ. 'ಇರಲಿ ಬಿಡಿ, ಪರಕ್ಕೆ ಜನ ಸಿಕ್ಕಿದ್ದಾರೆ, ವಿರೋಧಕ್ಕೆ ಯಾರೂ ಇಲ್ಲ' ಅಂದರು. ಎದುರು ಕಡೆ ಬರೆಯುವವರು ಮೇಷ್ಟ್ರಂತೆ. ಮೇಷ್ಟ್ರ ಎದುರು ಮಾತಾಡಿ ನನಗೆ ಅಭ್ಯಾಸ ಇಲ್ಲ.

ಕಾಯ್ದೆಯಿಂದ ಶುರು ಮಾಡುತ್ತೇನೆ. ಶಿಕ್ಷಣ ಹಕ್ಕು ಕಾಯ್ದೆ 2009ರದು, ಜಾರಿಗೆ ಬಂದಿದ್ದು 2010ರ ಏಪ್ರಿಲ್ 1ಕ್ಕೆ. ಐದನೇ ಕ್ಲಾಸಿನವರೆಗಿನ ಮಗುವಿಗೆ ಒಂದು ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಅಂತ ಅದರ ನಿಯಮ. ಈ ಕಿಲೋಮೀಟರ್ ಅನ್ನುವುದು ಬಯಲುಸೀಮೆ ಲೆಕ್ಕ. ನಮ್ಮಲ್ಲಿ ಎದುರು ದಿಬ್ಬದ ಮನೆ ಕೂಗಳತೆಯಲ್ಲಿ ಇರುತ್ತದೆ. ಕೂಗಿದರೆ ಓ ಅನ್ನುತ್ತಾರೆ. ಹೋಗಬೇಕಾದರೆ ಗದ್ದೆ ಇಳಿದು, ಹಳ್ಳ ದಾಟಿ, ಗುಡ್ಡ ಹತ್ತಿ ಮುಕ್ಕಾಲು ಗಂಟೆ.

ವ್ಯಾನು ಬಿಡುತ್ತೇವೆ ಅನ್ನುತ್ತಾರೆ. ವರ್ಷಕ್ಕೆ 6,000 ರೂಪಾಯಿ, ಅದೂ ಹೆಚ್ಚೆಂದರೆ. ಕಾಯ್ದೆ ಹೇಳುವ 200 ದಿನಕ್ಕೆ ಭಾಗಿಸಿ ನೋಡಿ. ದಿನಕ್ಕೆ 30 ರೂಪಾಯಿ, ಹೋಗಿ ಬರಲು. ನಮ್ಮ ಕಡೆ ಆಟೋದವರು ಆ ದುಡ್ಡಿಗೆ ಕೀಲಿ ತಿರುಗಿಸುವುದೂ ಇಲ್ಲ. ಇನ್ನು ಬಸ್ಸು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಸಂತೋಷ. ನಮ್ಮ ದಾರಿಯಲ್ಲಿ ಓಡುವುದು ಖಾಸಗಿ ಬಸ್ಸು. ಕೊಪ್ಪದ ಸಹಕಾರ ಸಾರಿಗೆ ಇತ್ತು, ಕಾರ್ಮಿಕರೇ ಕಟ್ಟಿದ ಸಂಸ್ಥೆ. ಅದೂ 2020ರಲ್ಲಿ ನಿಂತಿತು.

ಇನ್ನೊಂದು ಲೆಕ್ಕ ಇದೆ. ಎಂಟು ಮಕ್ಕಳ ಎಂಟು ಶಾಲೆ ಅಂತ ಇಟ್ಟುಕೊಳ್ಳಿ. ಶಾಲೆಗೆ ಇಬ್ಬರಂತೆ 16 ಶಿಕ್ಷಕರು. ಒಟ್ಟು ಸೇರಿಸಿದರೆ 64 ಮಕ್ಕಳು. ಅಷ್ಟು ಮಕ್ಕಳಿಗೆ ಮೂವರು ಸಾಕು ಅನ್ನುತ್ತದೆ ಅದೇ ಕಾಯ್ದೆ. ಉಳಿದ 13 ಜನ 'ಹೆಚ್ಚುವರಿ'. ಕ್ಲಾಸಿಗೊಬ್ಬ ಮೇಷ್ಟ್ರು ಎಲ್ಲಿ ಬಂದರು?

ಚೀನಾದಲ್ಲಿ 2001ರಿಂದ ಹೀಗೇ ಹಳ್ಳಿ ಶಾಲೆಗಳನ್ನು ಸೇರಿಸುತ್ತ ಹೋದರಂತೆ. ದೂರ ಜಾಸ್ತಿಯಾಯಿತು. 2011ರಲ್ಲಿ ಗಾನ್ಸು ಪ್ರಾಂತ್ಯದಲ್ಲಿ ಒಂಬತ್ತು ಸೀಟಿನ ವ್ಯಾನಿಗೆ ಅರವತ್ತಕ್ಕೂ ಹೆಚ್ಚು ಜನರನ್ನು ತುಂಬಿದ್ದರು. ಬಹುತೇಕ ಎಲ್ಲ ಪುಟ್ಟ ಮಕ್ಕಳು. ಅದು ಲಾರಿಗೆ ಗುದ್ದಿತು. ಮುಂದಿನ ವರ್ಷ ಸರ್ಕಾರವೇ ಶಾಲೆ ಸೇರಿಸುವುದಕ್ಕೆ ತಡೆ ಹಾಕಿತು. ಓದುವಾಗ ನನ್ನ ಮಗನ ವ್ಯಾನು ಕಣ್ಣಿಗೆ ಬಂತು. ಅವನು ಕೂರುವುದು ಗೇರ್ ಪಕ್ಕದಲ್ಲಿ, ಇನ್ನೊಬ್ಬನ ತೊಡೆ ಮೇಲೆ. ಆ ವಿಷಯ ಇಲ್ಲಿ ಬೇಡ.

ಮಕ್ಕಳಿಗೆ ಜೊತೆ ಬೇಕು ಅನ್ನುತ್ತಾರೆ. ಜೊತೆ ಸಂತೆಯಲ್ಲೂ ಸಿಗುತ್ತದೆ, ಹಾಗಂತ ಸಂತೆಗೆ ಸೇರಿಸುತ್ತೇವಾ? ಚೀಲ ಜಾಸ್ತಿ ಆದಷ್ಟೂ ರೇಟು ಜಾಸ್ತಿ ಅನ್ನಲು ಮಕ್ಕಳು ಅಡಿಕೆಯಲ್ಲ.

ನಾನು ಎಸ್‌ಡಿಎಂಸಿ ಅಧ್ಯಕ್ಷನಾಗಿದ್ದಾಗ ನಮ್ಮ ಮೇಲಿನ ಶಾಲೆಯಲ್ಲಿ ಐದು ಮಕ್ಕಳಿದ್ದರು. ಅವರಲ್ಲಿ ಇಬ್ಬರು ನಮ್ಮ ತೋಟಕ್ಕೆ ಬರುವ ಹೆಂಗಸಿನ ಮಕ್ಕಳು. ಶಾಲೆಯನ್ನು ಕೆಳಗಿನ ಶಾಲೆಗೆ ಸೇರಿಸಿದರು. ನಾನೂ ಸಹಿ ಹಾಕಿದೆ, ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಇಲಾಖೆಯ ಸಿಆರ್‌ಪಿ ಕಾಗದ ತಂದಿದ್ದರು. ಬೇಸಿಗೆಯಲ್ಲಿ ಎಲ್ಲ ಸರಿ ಕಂಡಿತು. ಜುಲೈ ಬಂತು. ಹಳ್ಳ ದಾಟಲು ಹಾಕಿದ ಅಡಿಕೆ ದಬ್ಬೆಯ ಕಾಲುಸೇತುವೆ, ನಮ್ಮ ಮಾತಲ್ಲಿ ಸಂಕ, ಪಾಚಿ ಕಟ್ಟಿತು. ಚಿಕ್ಕವನಿಗೆ ಆರು ವರ್ಷ, ಸಂಕದ ಮೇಲೆ ಕೂತು ಕೂತು ಸರಿಯುತ್ತಿದ್ದ. ಆ ಹೆಂಗಸು ಬೆಳಗ್ಗೆ ದಾಟಿಸಿ, ಸಂಜೆ ಮತ್ತೆ ಹೋಗಿ ಕರೆದು ತರಬೇಕು. ಉಂಬಳ, ಅಂದರೆ ಜಿಗಣೆ, ಕಿತ್ತು ಕಿತ್ತು ಕಾಲು ಗಾಯ. ಕೆಲಸಕ್ಕೆ ಅರ್ಧ ದಿನ ಮಾತ್ರ ಬರುತ್ತಿದ್ದಳು. ನಾನು ಅರ್ಧ ದಿನದ ಕೂಲಿಯನ್ನೇ ಕೊಡುತ್ತಿದ್ದೆ. ಆಶ್ಲೇಷ ಮಳೆ ಹೊತ್ತಿಗೆ ಮಕ್ಕಳನ್ನು ಕಳಿಸುವುದನ್ನೇ ಬಿಟ್ಟಳು. ಶಾಲೆಯವರು ಒಂದು ಸಲ ಬಂದು ಹೋದರು. ಕಾಲುಸಂಕಗಳ ಜಾಗದಲ್ಲಿ ಸಿಮೆಂಟಿನ ಕಿರುಸೇತುವೆ ಕಟ್ಟಲು 'ಶಾಲಾ ಸಂಪರ್ಕ ಸೇತು' ಅಂತ ಯೋಜನೆ ಇದೆ. ನಾವೂ ಅರ್ಜಿ ಕೊಟ್ಟೆವು. ದಸರಾ ರಜೆಗೆ ಅವಳು ಮಕ್ಕಳನ್ನು ಕರೆದುಕೊಂಡು ಶಿಕಾರಿಪುರ ಕಡೆ ತವರಿಗೆ ಹೋದವಳು ವಾಪಸ್ ಬರಲಿಲ್ಲ.

ಆ ವರ್ಷ ಕೊಯ್ಲಿನ ಹೊತ್ತಿಗೆ ನಮ್ಮ ಮನೆ ಅಂಗಳ ಸಾಲಲಿಲ್ಲ. ಬೇಯಿಸಿದ ಅಡಿಕೆಯನ್ನು ಮೇಲಿನ ಶಾಲೆಯ ಅಂಗಳಕ್ಕೆ ಹೊರಿಸಿ ಹರವಿಸಿದೆ. ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೂ ಅಲ್ಲಿ ಬಿಸಿಲು. ನಡುವೆ ಬಾವುಟದ ಕಟ್ಟೆ ಒಂದು ಅಡ್ಡ ಬರುತ್ತಿತ್ತು.

(ಅಡಿಕೆ ಬೆಳೆಗಾರರು, ತೀರ್ಥಹಳ್ಳಿ ತಾಲೂಕು)