ಒಂಟೆ ಕತ್ತಿನ ಶ್ಯಾವಂತಿಗೆ

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಹೂ ಮಾರುವ ಅಕ್ಕನ ಕೈ ಗಿಡ್ಡ. ಹಾಗಾಗಿ ಅವಳ ಮೊಳವೂ ಗಿಡ್ಡ. ಅದನ್ನು ಹೇಳುವ ಧೈರ್ಯ ಸಾಲದೆ, ‘ಹೂ ಭಾಳ ಸಣ್ಣವು ಅದಾವಲ್ಲ’ ಎಂದೆ.

‘ದೊಡ್ಡವು ಬೇಕಂದ್ರ ನೀವ ಬೆಳಕೋರಿ ಸಾಹೇಬ್ರ.’

ಬೆಳೆಯೋಣ ಅಂತಲೇ ಹೊರಟೆ. ಮಾಳಿಗೆ ಮೇಲೆ ನಾಲ್ಕು ಕುಂಡ ಶ್ಯಾವಂತಿಗೆ ಇದ್ದವು. ಗದಗಿನ ಕಡೆ ಹೂ ಬೆಳೆಯುವ ಗೆಳೆಯನೊಬ್ಬ ಜಿಬ್ಬರೆಲಿಕ್ ಆಮ್ಲ ಅನ್ನುವ, ಗಿಡ ಬೆಳೆಸುವ ಹಾರ್ಮೋನಿನ ಪುಡಿ ಒಂದಿಷ್ಟು ಕೊಟ್ಟ. ಲೀಟರ್ ನೀರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಹಾಕಬೇಕಾದ ಮಾಲು. ಅಷ್ಟು ಸಣ್ಣ ತಕ್ಕಡಿ ನಮ್ಮನೆಗೆ ಎಲ್ಲಿಂದ ಬರಬೇಕು? ಚಹಾದ ಚಮಚದಲ್ಲೇ ಅಂದಾಜು ಹಾಕಿದೆ.

ಶ್ಯಾವಂತಿಗೆಯಲ್ಲಿ ನಾವು ಎಸಳು ಅನ್ನುತ್ತೇವಲ್ಲ, ಅದು ಒಂದೊಂದೂ ಒಂದು ಪುಟ್ಟ ಹೂವೇ. ದೊಡ್ಡ ಕೂಡು ಕುಟುಂಬ ಅದು. ಎಸಳು ಬೆಳೆಯುವ ರೀತಿಯೂ ಮಜವಾಗಿದೆ. ಮೊಗ್ಗು ಎಳೆಯದಿದ್ದಾಗ ಜೀವಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತವೆ. ಇದಕ್ಕೆ ಸೈಟೊಕೈನಿನ್ ಅನ್ನುವ ಗಿಡದ ಹಾರ್ಮೋನಿನ ಕುಮ್ಮಕ್ಕು. ಆಮೇಲೆ ಎಣಿಕೆ ನಿಂತು, ಇದ್ದವೇ ನೀರು ಕುಡಿದು ಉಬ್ಬುತ್ತವೆ. ಉಬ್ಬಿಸುವವರಲ್ಲಿ ಜಿಬ್ಬರೆಲಿನ್ ಮುಖ್ಯ. ನನ್ನ ಪುಡಿ ಅದರದೇ ಒಂದು ಬಗೆ. ಪೆಟೂನಿಯಾ ಹೂವಿನ ಎಳೆ ಮೊಗ್ಗಿನಿಂದ ಕೇಸರ ಕಿತ್ತುಹಾಕಿದರೆ ಎಸಳು ಗಿಡ್ಡಾಗಿಯೇ ಉಳಿಯುತ್ತವೆ. ಹೊರಗಿನಿಂದ ಜಿಬ್ಬರೆಲಿನ್ ಕೊಟ್ಟರೆ ಮತ್ತೆ ಬೆಳೆಯುತ್ತವೆ. ಅಂದರೆ ಆ ಮನೆಗೆ ರೇಶನ್ ತರುವುದು ಯಾರು ಅಂತ ಗೊತ್ತಾಯಿತಲ್ವಾ?

ನನ್ನ ಕುಂಡಗಳಲ್ಲಿ ಆದದ್ದೇ ಬೇರೆ. ಹೂ ಇದ್ದಷ್ಟೇ ಇತ್ತು. ಕಾಂಡ, ತೊಟ್ಟು ಮಾತ್ರ ಸರಸರ ಎದ್ದು, ಭಾರ ತಾಳದೆ ಬಾಗಿ ನಿಂತವು. ಪಕ್ಕದ ಮನೆ ಆಯಿ ಗೋಡೆಯಾಚೆಯಿಂದ, ‘ಏನಪಾ, ಗಿಡಕ್ಕ ಒಂಟೆ ಕತ್ತು ಬಂದೈತಲ್ಲ!’ ಎಂದರು.

ಆಮೇಲೆ ಓದಿದೆ. ಜಿಬ್ಬರೆಲಿನ್ ಮನುಷ್ಯನ ಕಣ್ಣಿಗೆ ಬಿದ್ದದ್ದೇ ಇಂಥ ಉದ್ದದಿಂದ. ಜಪಾನಿನಲ್ಲಿ ಭತ್ತದ ಸಸಿ ಜಾಸ್ತಿ ಎತ್ತರಕ್ಕೆ ಬೆಳೆದು ಮಲಗುವ ರೋಗವೊಂದಿತ್ತು. ಅಲ್ಲಿಯವರು ಅದನ್ನು ಪೆದ್ದ ಸಸಿ ಅನ್ನುತ್ತಿದ್ದರು. ಒಂದು ಶಿಲೀಂಧ್ರ ಬಿಡುವ ರಸವೇ ಇದಕ್ಕೆ ಕಾರಣ ಅಂತ ವಿಜ್ಞಾನಿ ಕುರೊಸಾವಾ 1926ರಲ್ಲಿ ತೋರಿಸಿದರು. ನಮ್ಮನೆಯಲ್ಲಿ ಸಸಿಯನ್ನು ಯಾರೂ ಪೆದ್ದ ಅನ್ನಲಿಲ್ಲ.

ದಸರೆಗೆ ಮತ್ತೆ ಅದೇ ಅಕ್ಕನ ಹತ್ತಿರ ಹೋದೆ. ಅದೇ ಗಿಡ್ಡ ಮೊಳ. ಜೊತೆಗೆ ನಾಲ್ಕು ಗುಲಾಬಿ ಮೊಗ್ಗು ತಂದು ಬಾಳೆಹಣ್ಣಿನ ಬುಟ್ಟಿಯಲ್ಲಿಟ್ಟೆ. ಹೆಂಡತಿ ಬಂದವಳೇ ಹಣ್ಣನ್ನು ಬೇರೆ ಎತ್ತಿಟ್ಟಳು. ಮಾಗುವ ಬಾಳೆಹಣ್ಣು ಇಥಿಲೀನ್ ಅನ್ನುವ ಅನಿಲ ಬಿಡುತ್ತದೆ, ಅದು ತಾಗಿದರೆ ಕೆಲವು ಗುಲಾಬಿಗಳು ಸರಿಯಾಗಿ ಅರಳುವುದಿಲ್ಲ ಅಂತ ಶುರು ಮಾಡಿದೆ.

‘ಅದೆಲ್ಲಾ ನನಗ ತಿಳಿಯಂಗಿಲ್ಲ. ನಮ್ಮವ್ವ ಎರಡೂ ಕೂಡಿಸಿ ಇಡ್ತಿರಲಿಲ್ಲ. ಅದಿರ್ಲಿ, ನನ್ನ ಚಹಾದ ಚಮಚ ಎಲ್ಲಿಟ್ಟೀರಿ?’