ಹಳೇ ಗೋವಾದ ನೇರ ಬೀದಿಯನ್ನು ಅಗೆದು ತೋರಿಸಬೇಕೇ?

ಪರ

ನಮ್ಮದು ವಿಜಯಪುರ. ಪಣಜಿಯಲ್ಲಿ ನೆಲೆಸಿದ ಮೇಲೆ ಊರಿಂದ ಯಾರೇ ಬಂದರೂ ಹಳೇ ಗೋವಾಕ್ಕೆ ಕರೆದುಕೊಂಡು ಹೋಗುತ್ತೇನೆ. ಎರಡು ಚರ್ಚು, ಹುಲ್ಲುಹಾಸು, ಒಂದು ಎಳನೀರು. ಮುಗಿಯಿತು ಅಂತ ಬಸ್ ಹತ್ತುತ್ತಾರೆ. ತಾವು ಓಡಾಡಿದ ನೆಲದ ಕೆಳಗೇ ಒಂದು ಊರಿದೆ ಎಂದು ಅವರಿಗೆ ತಿಳಿಯುವುದೇ ಇಲ್ಲ.

ಮಾಂಡವಿ ದಡದ ವೈಸರಾಯ್ ಕಮಾನಿನಿಂದ ಮೇಲಕ್ಕೆ ಹೋಗುತ್ತಿದ್ದ ಬೀದಿಯನ್ನು ಪೋರ್ಚುಗೀಸರು ರುವಾ ದಿರೈತಾ, ಅಂದರೆ ನೇರ ಬೀದಿ, ಎನ್ನುತ್ತಿದ್ದರು. 1580ರ ದಶಕದಲ್ಲಿ ಗೋವಾದಲ್ಲಿದ್ದ ಡಚ್ ಪ್ರವಾಸಿ ಲಿನ್‌ಸ್ಕೋಟೆನ್ ಅಲ್ಲಿನ ಬೆಳಗಿನ ಹರಾಜನ್ನು ಕಂಡು ಬರೆದಿದ್ದಾನೆ. ಅರಬ್ಬಿ ಕುದುರೆ, ಬಗೆಬಗೆಯ ಸರಕು, ಜೊತೆಗೆ ಮನುಷ್ಯರು. ಹೌದು, ಗುಲಾಮರು. ಆಮೇಲೆ ರೋಗರುಜಿನ ಊರನ್ನು ತಿಂದವು. 1759ರಲ್ಲಿ ವೈಸರಾಯ್ ಪಣಜಿಗೆ ಹೋದ. 1843ರಲ್ಲಿ ರಾಜಧಾನಿಯ ಪಟ್ಟವೂ ಹೋಯಿತು. ಪಾಳು ಮನೆಗಳ ಕಲ್ಲು ಪಣಜಿಯ ಗೋಡೆ ಸೇರಿತು.

1510ಕ್ಕೆ ಮೊದಲು ಇದು ಆದಿಲ್‌ಶಾಹಿಗಳ ಊರು. ಅವರ ಅರಮನೆಯದ್ದು ಅಂತ ಉಳಿದಿರುವುದು ಕರಿಕಲ್ಲಿನ ಒಂದು ಬಾಗಿಲು ಮಾತ್ರ, ಸೇಂಟ್ ಕ್ಯಾಜೆಟನ್ ಚರ್ಚಿನ ಹತ್ತಿರ. ಅದರ ಮುಂದೆ ನಿಂತಾಗ ನಮ್ಮೂರಿನವರ ಮುಖವೇ ಬದಲಾಗುತ್ತದೆ. ‘ಇದು ನಮ್ಮ ಬಿಜಾಪುರದವರದ್ದಾ?’ ಅಂತ ಕೇಳುತ್ತಾರೆ. ಆ ಪ್ರಶ್ನೆ ಬೀದಿಯುದ್ದಕ್ಕೂ ಹುಟ್ಟಬೇಕು.

ಅಗೆದರೆ ಏನು ಸಿಗುತ್ತದೆ? ಸೇಂಟ್ ಅಗಸ್ಟಿನ್ ಪಾಳು ಚರ್ಚಿನಲ್ಲಿ ಪುರಾತತ್ವ ಇಲಾಖೆ ಅಗೆದಾಗ ಮೂಳೆ ಸಿಕ್ಕಿತು. ಹೈದರಾಬಾದಿನಲ್ಲಿ ಡಿಎನ್‌ಎ ಪರೀಕ್ಷೆಯಾಯಿತು. 1624ರಲ್ಲಿ ಪರ್ಷಿಯಾದಲ್ಲಿ ಕೊಲೆಯಾದ ಜಾರ್ಜಿಯಾದ ರಾಣಿ ಕೇತೆವಾನಳದ್ದು ಎಂಬ ತೀರ್ಮಾನಕ್ಕೆ ಬಂದರು. 2021ರಲ್ಲಿ ಅದರ ಒಂದು ಭಾಗ ಅವಳ ನಾಡಿಗೆ ಹೋಯಿತು. ಇಡೀ ಬೀದಿ ಬೇಡ, ನೂರು ಅಡಿಯಾದರೂ ಅಗೆಯಲಿ.

ವಿರೋಧ

ನಾನು ಅಂಕೋಲೆಯವಳು. ಚಿರೇಕಲ್ಲಿನ ಮನೆಯಲ್ಲಿ ಬೆಳೆದವಳು. ಗಾರೆ ಉದುರಿದ ಗೋಡೆಗೆ ಮಳೆ ಏನು ಮಾಡುತ್ತದೆ ಅಂತ ಚಿಕ್ಕಂದಿನಿಂದ ನೋಡಿದ್ದೇನೆ. ಹಳೇ ಗೋವಾದ್ದೂ ಅದೇ ಕಲ್ಲು. ಇಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ. ಮಣ್ಣೊಳಗೆ ಇರುವಷ್ಟು ದಿನ ಆ ಗೋಡೆಗಳು ಬದುಕುತ್ತವೆ. ಅದೇ ಅಗಸ್ಟಿನ್ ಚರ್ಚನ್ನು ನೋಡಿ. 1835ರಲ್ಲಿ ಸನ್ಯಾಸಿಗಳನ್ನು ಹೊರಹಾಕಿದರು. 1842ರಲ್ಲಿ ಚಾವಣಿ ಕುಸಿಯಿತು. 1931ರಲ್ಲಿ ಮುಂಭಾಗವೂ ಬಿತ್ತು. ಅಗೆಯಲು ಒಂದು ಸಲ ದುಡ್ಡಿದ್ದರೆ ಸಾಕು, ಕಾಯಲು ಪ್ರತಿ ಮಳೆಗಾಲಕ್ಕೂ ಬೇಕು ಅಲ್ವಾ?

ಇದಕ್ಕಿಂತ ಜಾಸ್ತಿ ನನ್ನನ್ನು ಕಾಡುವುದು ಆ ಹರಾಜು. ಬೀದಿ ತೆರೆದರೆ ದೀಪ ಬರುತ್ತದೆ, ತಿಂಡಿ ಅಂಗಡಿ ಬರುತ್ತದೆ, ಸೆಲ್ಫಿ ಶುರುವಾಗುತ್ತದೆ. ಅಲ್ಲಿ ಮಾರಾಟಕ್ಕೆ ನಿಂತವರಿಗೆ ಜಾಗ ಎಲ್ಲಿ? ಅವರ ಹೆಸರು ಕೂಡ ನಮಗೆ ಉಳಿದಿಲ್ಲ.

ಬೀದಿ ಹೇಗಿತ್ತು ಅಂತ ತಿಳಿಯಲು ಹಾರೆ ಬೇಕಿಲ್ಲ. ಲಿನ್‌ಸ್ಕೋಟೆನ್ ಕಾಲದ ನಕ್ಷೆ, ಚಿತ್ರ ಇವೆ. ಹುಲ್ಲಿನ ಮೇಲೆ ಒಂದು ಸಾಲು ಕಲ್ಲು ಇಡಲಿ. ಇಲ್ಲಿ ಮನುಷ್ಯರನ್ನು ಮಾರುತ್ತಿದ್ದರು ಅಂತ ಕೊಂಕಣಿ, ಮರಾಠಿ, ಕನ್ನಡದಲ್ಲಿ ಬರೆಯಲಿ. ಕೆಳಗಿನದು ಕೆಳಗೇ ಇರಲಿ.