ಕೀಲಿ ಬೇಡದ ವಾಚು

ಇಂದು ಬೆಳಿಗ್ಗೆ ಮುಂಬಯಿ ಸಮೀಪದ ಡೊಂಬಿವಲಿ ನಿಲ್ದಾಣದಲ್ಲಿ 8.14ರ ಫಾಸ್ಟ್ ಲೋಕಲ್ ರೈಲು ನನ್ನ ಕಣ್ಣೆದುರೇ ಹೊರಟುಹೋಯಿತು. ನಾನು ತಡವಾಗಿ ಬಂದವನಲ್ಲ. ಆರು ನಿಮಿಷ ಮೊದಲೇ, ಬಾಗಿಲು ಬಂದು ನಿಲ್ಲುವ ಜಾಗವನ್ನು ಅಂದಾಜು ಮಾಡಿ, ಚೀಲವನ್ನು ಎದೆಗೆ ತೂಗುಹಾಕಿಕೊಂಡು ಸನ್ನದ್ಧನಾಗಿ ನಿಂತಿದ್ದೆ. ಹಾಗಿದ್ದೂ ಗಾಡಿ ತಪ್ಪಿತೆಂದರೆ ಅದಕ್ಕೆ ಕಾರಣ ನನ್ನ ಎಡಗೈಯಲ್ಲಿರುವ, ವಯಸ್ಸಿನಲ್ಲಿ ನನಗಿಂತ ನಾಲ್ಕು ವರ್ಷ ಹಿರಿದಾದ ಸ್ವಿಸ್ ಆಟೊಮ್ಯಾಟಿಕ್ ವಾಚು.

ಈ ವಾಚಿಗೆ ಬ್ಯಾಟರಿ ಇಲ್ಲ, ಕೀಲಿ ಕೊಡುವ ಕೆಲಸವೂ ಇಲ್ಲ. ಬೆನ್ನಿನ ಮುಚ್ಚಳದೊಳಗೆ ಅರ್ಧಚಂದ್ರಾಕಾರದ ಲೋಹದ ತುಂಡೊಂದಿದ್ದು, ನಮ್ಮ ಕೈ ಆಡಿದಂತೆಲ್ಲ ಅದು ಗಿರಕಿ ಹೊಡೆದು ಸ್ಪ್ರಿಂಗನ್ನು ಬಿಗಿಮಾಡುತ್ತಿರುತ್ತದೆ. ರೋಲೆಕ್ಸ್ ಕಂಪನಿ 1931ರಲ್ಲಿ ಪೂರ್ತಿ ಸುತ್ತು ತಿರುಗುವ ಇಂಥದೊಂದು ರೋಟರನ್ನು ಹೊರತಂದಾಗ ಅದಕ್ಕೆ 'ಪರ್ಪೆಚುಯಲ್', ಅಂದರೆ ಶಾಶ್ವತ, ಎಂದೇ ಹೆಸರಿಟ್ಟಿತು. ನನ್ನದು ರೋಲೆಕ್ಸ್ ಅಲ್ಲ. ಆಗಿದ್ದರೆ ನಾನು ಲೋಕಲಿನಲ್ಲಿ ನೇತಾಡುತ್ತಿರಲಿಲ್ಲ. ಆದರೂ ತತ್ತ್ವ ಒಂದೇ: ತೊಟ್ಟವನು ದುಡಿಯುವವರೆಗೆ ಮಾತ್ರ ಶಾಶ್ವತ, ಅವನು ಸೋಫಾದ ಮೇಲೆ ಉರುಳಿಕೊಂಡರೆ ಆ ಶಾಶ್ವತವು ಸುಮಾರು 40 ಗಂಟೆಗೆ ತೀರಿಹೋಗುತ್ತದೆ. ನಾನು ಶನಿವಾರ ಮಧ್ಯಾಹ್ನ ಬಿಚ್ಚಿಟ್ಟ ವಾಚು ಸೋಮವಾರ ಬೆಳಗಿನ ಜಾವ 3.20ಕ್ಕೆ ನಿಂತಿತ್ತು. ರಜೆಯ ದಿನ ನಾನು ಎಷ್ಟು ಸೋಮಾರಿ ಎಂಬುದಕ್ಕೆ ಇಷ್ಟು ನಿಖರವಾದ ಸಾಕ್ಷಿಯನ್ನು ನನ್ನ ಹೆಂಡತಿ ಕೂಡ ಇದುವರೆಗೆ ಒದಗಿಸಿರಲಿಲ್ಲ.

ನನ್ನ ಈ ವಾಚಿನ ಪಕ್ಕದ ತಿರುಪನ್ನು ತಿರುಗಿಸಿದರೆ ಮುಳ್ಳು ಸರಿಯುತ್ತದೆಯೇ ಹೊರತು ಸ್ಪ್ರಿಂಗ್ ಬಿಗಿಯಾಗುವುದಿಲ್ಲ. ಆದ್ದರಿಂದ ಪ್ಲಾಟ್‌ಫಾರ್ಮಿನಲ್ಲಿ ನಿಂತು ಎಡಗೈಯನ್ನು ಮಣಿಕಟ್ಟಿನಿಂದ ಗರಗರನೆ ಆಡಿಸತೊಡಗಿದೆ. ಮೊದಲು ಅತ್ತ ನೋಡಿದವನು ವಡಾಪಾವ್ ಮಾರುವವನು; ಕರೆಯುತ್ತಿದ್ದೇನೆಂದು ಭಾವಿಸಿ ಒಂದನ್ನು ಕಾಗದದಲ್ಲಿ ಸುತ್ತಿಯೇಬಿಟ್ಟ. ಬೇಡವೆಂದು ಸನ್ನೆ ಮಾಡಲು ಬಲಗೈಯನ್ನೂ ಆಡಿಸಿದೆ. ಎರಡು ಕೈಗಳೂ ಒಟ್ಟಿಗೆ ಅದುರುವುದನ್ನು ಕಂಡ ಹಿರಿಯರೊಬ್ಬರು, ನನಗೆ ಫಿಟ್ಸ್ ಬಂದಿದೆಯೆಂದೇ ನಿಶ್ಚಯಿಸಿ, ಹಿಂದಿನಿಂದ ಬಂದು ನನ್ನನ್ನು ತಬ್ಬಿ ಹಿಡಿದು, ಮುಷ್ಟಿಯೊಳಗೆ ತಮ್ಮ ಮನೆಯ ಕಬ್ಬಿಣದ ಬೀಗದಕೈ ಗೊಂಚಲನ್ನು ತುರುಕಿದರು. ನಾನು ಬಿಡಿಸಿಕೊಳ್ಳಲು ಒದ್ದಾಡಿದಷ್ಟೂ ಅವರ ಸಂಶಯ ಗಟ್ಟಿಯಾಗುತ್ತಿತ್ತು. 'ಪಾಣಿ, ಪಾಣಿ' ಎಂದು ಕೂಗು ಎದ್ದಿತು, ಯಾರೋ ನನ್ನ ಶೂ ಬಿಚ್ಚತೊಡಗಿದರು. ಕೀಲಿ ಕೊಡಬೇಕಾಗಿದ್ದದ್ದು ವಾಚಿಗೆ, ಕೊಟ್ಟದ್ದು ನನಗೆ. ಆ ಸಜ್ಜನರಿಗೆ ನನ್ನ ಅರೆಬರೆ ಮರಾಠಿಯಲ್ಲಿ ರೋಟರಿನ ಕಾರ್ಯವಿಧಾನವನ್ನು ವಿವರಿಸಿ ಮುಗಿಸುವಷ್ಟರಲ್ಲಿ 8.14 ಬಂದು, ತುಂಬಿ, ಹೋಗಿಯಾಗಿತ್ತು.

ಗಾಡಿ ಹತ್ತದೆ ಉಳಿದ ಇನ್ನೊಬ್ಬರೆಂದರೆ ಕುಂದಾಪುರ ಮೂಲದ ನನ್ನ ಸಹಪ್ರಯಾಣಿಕರು. ಅವರು ಉಳಿದದ್ದು ಸಹಾಯಕ್ಕಲ್ಲ, ನೋಡುವುದಕ್ಕೆ. ಹನ್ನೊಂದು ವರ್ಷಗಳಿಂದ ಅವರು ಪ್ರತಿದಿನವೂ ಮೊಬೈಲನ್ನು ಅಂಗೈಯಲ್ಲಿ ಹಿಡಿದುಕೊಂಡೇ, 'ಗಂಟೆ ಎಷ್ಟು ಮಾರಾಯ್ರೇ?' ಎಂದು ನನ್ನನ್ನು ಕೇಳುತ್ತಾರೆ. ನಾನು ಹೇಳಿದ ಮೇಲೆ ಮೊಬೈಲಿಗೆ ತಾಳೆ ನೋಡಿ, ವ್ಯತ್ಯಾಸವನ್ನು ಶೇರುಪೇಟೆಯ ವರದಿಯಂತೆ ಡಬ್ಬಿಗೆಲ್ಲ ಕೇಳುವಂತೆ ಸಾರುತ್ತಾರೆ. ಮುಂಬಯಿ 1955ರವರೆಗೂ ಭಾರತೀಯ ಕಾಲಮಾನಕ್ಕಿಂತ 39 ನಿಮಿಷ ಹಿಂದಿನ 'ಬಾಂಬೆ ಟೈಮ್' ಅನ್ನು ಬಿಡದೆ ಹಿಡಿದುಕೊಂಡಿತ್ತೆಂಬುದನ್ನು ಎಲ್ಲಿಯೋ ಓದಿದ ಮೇಲಂತೂ, 'ಇವರದು ಇನ್ನೂ ಬಾಂಬೆ ಟೈಮು' ಎಂಬ ಒಂದೇ ಮಾತನ್ನು ಅವರು ನನಗೆ ತಿಳಿದಂತೆ ನಾನೂರು ಸಲವಾದರೂ ಹೇಳಿದ್ದಾರೆ.

ವಾಚು ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುವುದು ನಿಜ. ಇದನ್ನು ದೂರಿಕೊಂಡಾಗ ರಿಪೇರಿಯವನು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನೂ ತೆಗೆಯದೆ, 'ದಿನಕ್ಕೆ 86,400 ಸೆಕೆಂಡು, ತಪ್ಪಿದ್ದು 240. ಅಂದರೆ ನೂರಕ್ಕೆ 99.7. ನಿಮ್ಮ ಮಗನಿಗೆ ಎಷ್ಟು ಬಂದಿದೆ?' ಎಂದ. ನಾನು ಹಣ ಕೊಟ್ಟು ಹೊರಬಂದೆ. ಸೆಕೆಂಡಿಗೆ 32,768 ಸಲ ಕಂಪಿಸುವ ಕ್ವಾರ್ಟ್ಜ್ ಹರಳಿನ ವಾಚು ಫುಟ್‌ಪಾತಿನಲ್ಲಿ ಚಹಾ-ತಿಂಡಿಯ ಬೆಲೆಗೆ ಸಿಗುವಾಗ, ಸೆಕೆಂಡಿಗೆ ಬರೀ ಐದು ಸಲ ಮಿಡಿಯುವ ಈ ಮುದುಕನನ್ನು ಏಕೆ ಸಾಕಬೇಕು ಎಂದು ಮನೆಯಲ್ಲಿಯೂ ಕೇಳುತ್ತಾರೆ. ಅಂಥ ವಾಚಿನ ಸೆಕೆಂಡಿನ ಮುಳ್ಳು ಕುಂಟುತ್ತ ಹಾರುತ್ತದೆ, ಇದರದು ನೀರಿನ ಮೇಲೆ ದೋಣಿ ಹೋದಂತೆ ಸರಿಯುತ್ತದೆ. ಉಬ್ಬಿದ ಗಾಜಿನ ಕೆಳಗೆ ಬಿಳಿಯ ಡಯಲು ಈಗ ಕಾಯಿಸಿದ ಹಾಲಿನ ಕೆನೆಯ ಬಣ್ಣಕ್ಕೆ ತಿರುಗಿದೆ. ಇಷ್ಟು ಹೇಳಿದರೆ ಯಾರಿಗೂ ಸಮಾಧಾನವಾಗುವುದಿಲ್ಲ.

ವಾಚು ಅಪ್ಪನದು. ಮುಂಬಯಿಯ ಫೋರ್ಟ್ ಪ್ರದೇಶದ ಹೋಟೆಲೊಂದರಲ್ಲಿ ಸಪ್ಲೈ ಮಾಡುತ್ತಿದ್ದಾಗ ಚೋರ್ ಬಜಾರಿನಲ್ಲಿ ಚೌಕಾಸಿ ಮಾಡಿ ತಂದದ್ದು. ಒಂದು ಕೈಯಲ್ಲಿ ನಾಲ್ಕು ಪ್ಲೇಟು ಹಿಡಿದು ಬೆಳಿಗ್ಗೆಯಿಂದ ರಾತ್ರಿಯವರೆಗೆ ಓಡಾಡುತ್ತಿದ್ದ ಅವರ ಮಣಿಕಟ್ಟಿನಲ್ಲಿ ಅದು ಒಂದು ದಿನವೂ ನಿಂತದ್ದಿಲ್ಲ. ಕೊನೆಯ ವರ್ಷ ಅವರು ಹಾಸಿಗೆ ಹಿಡಿದ ಮೇಲೆ, ಕೈಯಲ್ಲಿ ಕಟ್ಟಿಕೊಂಡಿದ್ದಂತೆಯೇ ವಾಚು ನಿಂತುಬಿಟ್ಟಿತು. ಕಿವಿಗೆ ಹಿಡಿದು ನೋಡಿದರು. ಅನಂತರ ಅದನ್ನು ಬಿಚ್ಚಿ ನನ್ನ ಕೈಗೆ ಕೊಟ್ಟು, 'ಇದನ್ನು ಆಫೀಸಿಗೆ ಕರೆದುಕೊಂಡು ಹೋಗಿ ಸ್ವಲ್ಪ ಓಡಾಡಿಸಿಕೊಂಡು ಬಾ' ಎಂದರು. ಎಂಟು ತಿಂಗಳು ಬೆಳಿಗ್ಗೆ ಒಯ್ದು, ಸಂಜೆ ಓಡುತ್ತಿರುವ ವಾಚನ್ನು ತಂದು ಅವರಿಗೆ ಕಟ್ಟುತ್ತಿದ್ದೆ. ಈ ಕಥೆಯನ್ನು ಕುಂದಾಪುರದವರಿಗೆ ಹೇಳಿಲ್ಲ. ಹೇಳಿದರೆ ಗಂಟೆ ಕೇಳುವುದನ್ನು ನಿಲ್ಲಿಸಿಬಿಟ್ಟಾರು.

ನನ್ನ ಕಷ್ಟವೇನೆಂದರೆ, ನನಗೆ ಅಪ್ಪನ ಉದ್ಯೋಗವಿಲ್ಲ. ಕಂಪ್ಯೂಟರಿನ ಮುಂದೆ ಎಂಟು ಗಂಟೆ ಬೆರಳು ಬಡಿದರೂ ಮಣಿಕಟ್ಟು ಮೇಜು ಬಿಟ್ಟು ಏಳುವುದಿಲ್ಲ, ರೋಟರು ಮಿಸುಕುವುದಿಲ್ಲ. ಆದ್ದರಿಂದ ಈ ದಿನ ಮಧ್ಯಾಹ್ನದೊಳಗೆ ಆರು ಸಲ ಎದ್ದು, ಕೈ ಬೀಸುತ್ತ ಪ್ಯಾಸೇಜಿನ ಕೊನೆಯವರೆಗೆ ಬಿರುಸಾಗಿ ನಡೆದುಹೋಗಿ ಬಂದೆ. ಆರನೆಯ ಸಲ ಮ್ಯಾನೇಜರರು ತಡೆದು, ಹೊಟ್ಟೆ ಸರಿಯಿಲ್ಲವೇ ಎಂದು ಮೆಲ್ಲನೆ ವಿಚಾರಿಸಿದರು. ರೋಟರಿನ ಕಾರ್ಯವಿಧಾನವನ್ನು ಒಂದೇ ದಿನ ಎರಡನೆಯ ಬಾರಿ ವಿವರಿಸುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಹೌದು ಎಂದು ಒಪ್ಪಿಕೊಂಡೆ.